ಹಳೆಯ ಅಮಿಗಾಕ್ಕೆ ಹೊಸ ಮೆಮೊರಿ: ನಂಬಿಕೆ ಎಷ್ಟು, ನಿಜ ಎಷ್ಟು

ಕಮೊಡೋರ್ ಕಂಪನಿ 1987ರಲ್ಲಿ ಬಿಡುಗಡೆ ಮಾಡಿದ ಅಮಿಗಾ 500 ಯುರೋಪಿನಲ್ಲಿ, ಅದರಲ್ಲೂ ಬ್ರಿಟನ್ ಮತ್ತು ಜರ್ಮನಿಯಲ್ಲಿ, ಮನೆಮನೆಯ ಕಂಪ್ಯೂಟರ್ ಆಗಿತ್ತು. ಕೀಬೋರ್ಡು, ಮದರ್‌ಬೋರ್ಡು, ಫ್ಲಾಪಿ ಡ್ರೈವು ಎಲ್ಲ ಒಂದೇ ಪೆಟ್ಟಿಗೆಯಲ್ಲಿ. ಒಳಗೆ 512 ಕೆಬಿ ಮೆಮೊರಿ. ಯಂತ್ರವನ್ನು ಮಗುಚಿ ಹಾಕಿದರೆ ಹೊಟ್ಟೆಯ ಭಾಗದಲ್ಲಿ ಒಂದು ಪ್ಲಾಸ್ಟಿಕ್ ಮುಚ್ಚಳ. ಟ್ರ್ಯಾಪ್‌ಡೋರ್ ಎಂದು ಬಳಕೆದಾರರು ಕರೆಯುವುದು ಇದನ್ನೇ. ಅದನ್ನು ತೆಗೆದು ಎ501 ಎಂಬ ಕಾರ್ಡ್ ತೂರಿಸಿದರೆ ಇನ್ನೊಂದು 512 ಕೆಬಿ, ಜೊತೆಗೆ ಒಂದು ಗಡಿಯಾರ.

ಕಂಪನಿ 1994ರ ಏಪ್ರಿಲ್‌ನಲ್ಲಿ ದಿವಾಳಿಯಾಯಿತು. ಯಂತ್ರಗಳು ಮಾತ್ರ ಅಟ್ಟದಿಂದ ಇಳಿದು ಕೈ ಬದಲಾಯಿಸುತ್ತಲೇ ಇವೆ. ಕೊಂಡವರು ಮೊದಲು ಕೇಳುವ ಪ್ರಶ್ನೆ, “ಮೆಮೊರಿ ಎಷ್ಟು ಹಾಕಿಸಲಿ?” ಕೇಳಬೇಕಾದದ್ದು “ಎಲ್ಲಿ ಹಾಕಿಸಲಿ?” ಈ ವ್ಯತ್ಯಾಸ ತಿಳಿಯದೆ ದುಡ್ಡು ಕಳೆದುಕೊಳ್ಳುವವರೇ ಹೆಚ್ಚು.

ತಪ್ಪು ಕಲ್ಪನೆ: ಮೆಮೊರಿ ಅಂದರೆ ಮೆಮೊರಿ. ಒಂದು ಎಂಬಿ ಎಲ್ಲಿದ್ದರೂ ಒಂದೇ.

ವಾಸ್ತವ: ಅಮಿಗಾದಲ್ಲಿ ಮೆಮೊರಿಗೆ ಮೂರು ಜಾತಿ. ಈ ಯಂತ್ರದಲ್ಲಿ ಎಲ್ಲ ಕೆಲಸವನ್ನೂ 68000 ಪ್ರೊಸೆಸರ್ ಒಂದೇ ಹೊರುವುದಿಲ್ಲ. ಪರದೆಯ ಚಿತ್ರ, ಶಬ್ದ, ಫ್ಲಾಪಿಯ ಓದು-ಬರಹ ಇವನ್ನೆಲ್ಲ ಆಗ್ನಸ್, ಡೆನಿಸ್, ಪೌಲಾ ಎಂಬ ಮೂರು ವಿಶೇಷ ಚಿಪ್‌ಗಳು ಹಂಚಿಕೊಂಡಿವೆ. ಈ ಚಿಪ್‌ಗಳ ಕೈಗೆ ಎಟುಕುವ ಮೆಮೊರಿ ‘ಚಿಪ್ ಮೆಮೊರಿ’. ಆಟದ ಚಿತ್ರವಾಗಲಿ ಸಂಗೀತವಾಗಲಿ ಇಲ್ಲಿದ್ದರೆ ಮಾತ್ರ ಪರದೆಗೆ, ಸ್ಪೀಕರಿಗೆ ಬಂದೀತು. ಪ್ರೊಸೆಸರ್ ಒಂದೇ ಬಳಸುವ, ಉಳಿದವರ ಹಂಗಿಲ್ಲದ ಮೆಮೊರಿ ‘ಫಾಸ್ಟ್ ಮೆಮೊರಿ’.

ಟ್ರ್ಯಾಪ್‌ಡೋರ್‌ನಲ್ಲಿ ಕೂರುವ ಎ501 ಈ ಎರಡಕ್ಕೂ ಸೇರದ ತ್ರಿಶಂಕು. ಅದಕ್ಕೆ ‘ಸ್ಲೋ ಮೆಮೊರಿ’ ಎಂಬ ಅಡ್ಡಹೆಸರೇ ಇದೆ. ಅದನ್ನು ನಡೆಸುವುದು ಆಗ್ನಸ್, ಅದು ಇರುವುದು ಚಿಪ್ ಮೆಮೊರಿಯ ಬಸ್ (ಮಾಹಿತಿ ಸಾಗುವ ದಾರಿ) ಮೇಲೆಯೇ. ಹೀಗಾಗಿ ವಿಶೇಷ ಚಿಪ್‌ಗಳು ಬಸ್ ಹಿಡಿದಾಗ ಪ್ರೊಸೆಸರ್ ಕಾಯಲೇಬೇಕು. ಹಾಗಾದರೆ ಆ ಚಿಪ್‌ಗಳಾದರೂ ಇದನ್ನು ಬಳಸುತ್ತವೆಯೇ? ಅದೂ ಇಲ್ಲ. ವಠಾರದ ಒಂದೇ ನಲ್ಲಿಗೆ ಸರದಿ ನಿಲ್ಲುವ ಎರಡು ಮನೆಯವರನ್ನು ನೆನೆಸಿಕೊಳ್ಳಿ: ಎ501 ತಂದುಕೊಟ್ಟದ್ದು ಎರಡನೆಯ ನಲ್ಲಿಯಲ್ಲ, ಒಂದು ಮನೆಗೆ ಇನ್ನೊಂದು ಹಂಡೆ. ಹಂಡೆ ತುಂಬಬೇಕಾದರೆ ಅದೇ ಸರದಿ.

ಹಾಗೆಂದು ಇದು ದಂಡವಲ್ಲ. ಪ್ರೋಗ್ರಾಮು, ಲೆಕ್ಕಾಚಾರದ ಮಾಹಿತಿ ಎಲ್ಲ ಸ್ಲೋ ಮೆಮೊರಿಗೆ ಹೋದರೆ ಅಮೂಲ್ಯವಾದ ಚಿಪ್ ಮೆಮೊರಿ ಚಿತ್ರಕ್ಕೂ ಶಬ್ದಕ್ಕೂ ಖಾಲಿಯಾಗಿ ಉಳಿಯುತ್ತದೆ. 512 ಕೆಬಿ ಯಂತ್ರದಲ್ಲಿ ಏಳದ ‘ಡಂಜನ್ ಮಾಸ್ಟರ್’ ಆಟ ಎ501 ಹಾಕಿದ ಕೂಡಲೇ ಏಳುವುದು ಇದರಿಂದಲೇ.

ತಪ್ಪು ಕಲ್ಪನೆ: ಪರದೆಯ ಮೇಲೆ ‘ಫಾಸ್ಟ್’ ಎಂದು ಬಂದಿದೆ, ಹಾಗಾಗಿ ಅದು ಫಾಸ್ಟ್ ಮೆಮೊರಿ.

ವಾಸ್ತವ: ಈ ಗೊಂದಲಕ್ಕೆ ಯಂತ್ರವೇ ಕಾರಣ. ಅಮಿಗಾದ ಡೆಸ್ಕ್‌ಟಾಪ್ ಆದ ವರ್ಕ್‌ಬೆಂಚ್ 1.3ರ ಮೇಲಿನ ಪಟ್ಟಿಯಲ್ಲಿ ಖಾಲಿ ಮೆಮೊರಿಯ ಒಟ್ಟು ಮೊತ್ತ ಒಂದೇ ಅಂಕಿಯಾಗಿ ಕಾಣುತ್ತದೆ. ‘ಅವೇಲ್’ ಆಜ್ಞೆ ಕೊಟ್ಟರೆ ಚಿಪ್, ಫಾಸ್ಟ್ ಎಂದು ಎರಡೇ ವರ್ಗ. ಸ್ಲೋ ಎಂಬ ಮೂರನೆಯ ವರ್ಗ ಆಪರೇಟಿಂಗ್ ಸಿಸ್ಟಮ್‌ಗೆ ಗೊತ್ತಿಲ್ಲ, ಅದನ್ನೂ ಫಾಸ್ಟ್ ಲೆಕ್ಕಕ್ಕೇ ಸೇರಿಸಿಬಿಡುತ್ತದೆ. ನಿಜ ತಿಳಿಯಬೇಕಾದರೆ ‘ಸಿಸ್‌ಇನ್ಫೊ’ದಂಥ ತಂತ್ರಾಂಶದಲ್ಲಿ ವಿಳಾಸ ನೋಡಬೇಕು. 12 ಎಂಬಿ ಗುರುತಿನಿಂದ ಶುರುವಾಗಿದ್ದರೆ ಅದು ಸ್ಲೋ. 2ರಿಂದ 10 ಎಂಬಿ ನಡುವೆ ಇದ್ದರೆ ಅಸಲಿ ಫಾಸ್ಟ್. ಮಾರುವವರು ಪರದೆಯ ಫೋಟೊ ಕಳಿಸಿದರೆ ನೋಡಬೇಕಾದದ್ದು ಇದನ್ನು, ಒಟ್ಟು ಮೊತ್ತವನ್ನಲ್ಲ.

ತಪ್ಪು ಕಲ್ಪನೆ: ಫಾಸ್ಟ್ ಮೆಮೊರಿ ಹಾಕಿದರೆ ಯಂತ್ರದ ವೇಗ ದುಪ್ಪಟ್ಟು.

ವಾಸ್ತವ: ಈ ಮಾತು 1992ರ ಅಮಿಗಾ 1200ಕ್ಕೆ ಹೆಚ್ಚುಕಡಿಮೆ ನಿಜ. ಅದರ 68ಇಸಿ020 ಪ್ರೊಸೆಸರ್ ಚಿಪ್ ಮೆಮೊರಿಗಾಗಿ ಕಾದು ಕಾದು ಸೊರಗಿರುತ್ತದೆ, ಫಾಸ್ಟ್ ಸಿಕ್ಕೊಡನೆ ಚೇತರಿಸಿಕೊಳ್ಳುತ್ತದೆ. ಆ ಖ್ಯಾತಿಯನ್ನು ಜನ 500ಕ್ಕೂ ಅಂಟಿಸಿದ್ದಾರೆ. 500ರಲ್ಲಿ ಸುಮಾರು 7 ಮೆಗಾಹರ್ಟ್ಸ್‌ನ 68000 ಮೆಮೊರಿಯನ್ನು ಮುಟ್ಟುವುದೇ ಒಂದು ಸರದಿ ಬಿಟ್ಟು ಒಂದು ಸರದಿ, ನಡುವಿನ ಸರದಿಗಳನ್ನು ವಿಶೇಷ ಚಿಪ್‌ಗಳು ಬಳಸಿಕೊಳ್ಳುತ್ತವೆ. ಸಾಧಾರಣ ಪರದೆಯಿದ್ದಾಗ ಇಬ್ಬರಿಗೂ ಜಗಳವಿಲ್ಲ, ಆದ್ದರಿಂದ ಫಾಸ್ಟ್ ಮೆಮೊರಿಯಿಂದ ಲಾಭವೂ ಅತ್ಯಲ್ಪ. ಹೈ-ರೆಸಲ್ಯೂಶನ್‌ನಲ್ಲಿ 16 ಬಣ್ಣ ಇಟ್ಟುಕೊಂಡು ಕೆಲಸ ಮಾಡಿದರೆ ಮಾತ್ರ ಪ್ರೊಸೆಸರಿಗೆ ಉಸಿರುಗಟ್ಟುತ್ತದೆ. ವ್ಯತ್ಯಾಸ ಕಣ್ಣಿಗೆ ಕಾಣುವುದು ಆಗ.

ಬರೀ ಆಟವಾಡುವವರು 500ಕ್ಕೆ 8 ಎಂಬಿ ಹಾಕಿಸಿ ವೇಗಕ್ಕಾಗಿ ಕಾಯುವುದು ವ್ಯರ್ಥ. ಹಾರ್ಡ್‌ಡಿಸ್ಕ್‌ನಿಂದ ಡಬ್ಲ್ಯೂಎಚ್‌ಡಿಲೋಡ್ ಎಂಬ ತಂತ್ರಾಂಶದ ಮೂಲಕ ಆಟ ಹಾಕುವವರಿಗೆ ಅದೇ 8 ಎಂಬಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಆದರೆ ಅವರಿಗೆ ಬೇಕಾದದ್ದು ಜಾಗ, ವೇಗವಲ್ಲ.

ತಪ್ಪು ಕಲ್ಪನೆ: ಹೆಚ್ಚು ಮೆಮೊರಿ ಇದ್ದರೆ ಎಲ್ಲ ಆಟವೂ ಓಡುತ್ತದೆ.

ವಾಸ್ತವ: ಕೆಲವು ಆಟ ಹೆಚ್ಚಿನ ಮೆಮೊರಿಯಿಂದಲೇ ಕೆಡುತ್ತವೆ. ಮೊದಮೊದಲ ಕೆಲವು ಆಟಗಳನ್ನು ಬರೆದವರ ಮುಂದಿದ್ದದ್ದು 512 ಕೆಬಿ ಯಂತ್ರ. ಇದ್ದದ್ದೆಲ್ಲ ಚಿಪ್ ಮೆಮೊರಿಯೇ ಆದ್ದರಿಂದ “ನನಗೆ ಚಿಪ್ ಮೆಮೊರಿಯೇ ಬೇಕು” ಎಂದು ಸಿಸ್ಟಮ್‌ಗೆ ಹೇಳುವ ಗೋಜಿಗೆ ಅವರು ಹೋಗಲಿಲ್ಲ. ಎ501 ಹಾಕಿದ ಯಂತ್ರದಲ್ಲಿ ಅದೇ ಆಟದ ಚಿತ್ರ, ಶಬ್ದಗಳು ಹೋಗಿ ಸ್ಲೋ ಮೆಮೊರಿಯಲ್ಲಿ ಕೂರುತ್ತವೆ. ವಿಶೇಷ ಚಿಪ್‌ಗಳು ಅತ್ತ ಕಣ್ಣು ಹಾಯಿಸಲಾರವು. ಪರದೆಯ ಮೇಲೆ ಕಸ, ಇಲ್ಲವೇ ಸದ್ದೇ ಇಲ್ಲ. ಆಗಿನ ಹಲವು ಕಾರ್ಡುಗಳಲ್ಲಿ ಮೆಮೊರಿಯನ್ನು ಆಫ್ ಮಾಡುವ ಒಂದು ಪುಟ್ಟ ಸ್ವಿಚ್ ಇರುತ್ತಿದ್ದದ್ದು, ವರ್ಕ್‌ಬೆಂಚ್ ಡಿಸ್ಕಿನಲ್ಲಿ ‘ನೋಫಾಸ್ಟ್‌ಮೆಮ್’ ಎಂಬ ಪ್ರೋಗ್ರಾಮು ಸೇರಿದ್ದದ್ದು ಸುಮ್ಮನೆ ಅಲ್ಲ. ಎರಡು ಕಾರ್ಡ್ ಒಂದೇ ಬೆಲೆಗೆ ಸಿಕ್ಕರೆ ಸ್ವಿಚ್ ಇರುವುದನ್ನೇ ಆರಿಸಿ.

ತಪ್ಪು ಕಲ್ಪನೆ: ಆಗ್ನಸ್ ಹೊಸದಾಗಿದ್ದರೆ ಕಾರ್ಡ್ ಹಾಕಿದ ಕೂಡಲೇ 1 ಎಂಬಿ ಚಿಪ್ ಮೆಮೊರಿ ಸಿಗುತ್ತದೆ.

ವಾಸ್ತವ: ತಾನಾಗಿ ಸಿಗುವುದಿಲ್ಲ. 8372ಎ ಎಂಬ ಆಗ್ನಸ್ 1 ಎಂಬಿ ಚಿಪ್ ಮೆಮೊರಿಯನ್ನು ನಿಭಾಯಿಸಬಲ್ಲದು, ಆದರೆ ಮದರ್‌ಬೋರ್ಡಿನಲ್ಲಿ ಜೆಪಿ2 ಎಂಬ ಬೆಸುಗೆಯ ಜೋಡಣೆಯನ್ನು ಬದಲಿಸಬೇಕು, ಟ್ರ್ಯಾಪ್‌ಡೋರ್‌ನಿಂದ ಬರುವ ಒಂದು ಸಂಕೇತದ ದಾರಿಯನ್ನೂ ಕಡಿಯಬೇಕು. ಎಲ್ಲಿ ಕಡಿಯಬೇಕು ಎನ್ನುವುದು ಬೋರ್ಡಿನ ರಿವಿಷನ್ ಮೇಲೆ ಹೋಗುತ್ತದೆ. ಬೋರ್ಡಿನ ಮೇಲೆಯೇ ಅಚ್ಚಾಗಿರುವ ರಿವಿಷನ್ ಸಂಖ್ಯೆ ಓದದೆ ಬೆಸುಗೆಯ ಕಡ್ಡಿ ಹಿಡಿಯಬೇಡಿ. ಇನ್ನೊಂದು ಮಾತು: 512 ಕೆಬಿ ಚಿಪ್, 512 ಕೆಬಿ ಸ್ಲೋ ಎಂಬ ಜೋಡಿಯನ್ನೇ ನಂಬಿ ಬರೆದ ಡೆಮೊಗಳು (ಯಂತ್ರದ ಕಸುವು ತೋರಿಸುವ ಪ್ರೋಗ್ರಾಮುಗಳು) ಕೆಲವಿವೆ, ಅವು ಬದಲಿಸಿದ ಯಂತ್ರದಲ್ಲಿ ಮುನಿಸಿಕೊಳ್ಳುತ್ತವೆ. ಡಿಲಕ್ಸ್ ಪೇಂಟ್ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ ದೊಡ್ಡ ಚಿತ್ರ ಬರೆಯುವವರಿಗೆ ಈ ಬದಲಾವಣೆ ಲಾಭ. ಡೆಮೊ ನೋಡುವವರು ಇದ್ದ ಹಾಗೇ ಬಿಡುವುದು ಲೇಸು.

ತಪ್ಪು ಕಲ್ಪನೆ: ಅಮಿಗಾ ಕಾರ್ಡ್ ಯಾವ ಅಮಿಗಾಕ್ಕಾದರೂ ಆದೀತು.

ವಾಸ್ತವ: 500, 600, 1200 ಮೂರಕ್ಕೂ ಹೊಟ್ಟೆಯಲ್ಲಿ ಮುಚ್ಚಳವಿದೆ, ಒಳಗಿನ ಕನೆಕ್ಟರ್ ಮಾತ್ರ ಮೂರೂ ಬೇರೆ. ಎ501 ಅನ್ನು 500ರ ನಂತರದ ರೂಪವಾದ 500 ಪ್ಲಸ್‌ಗೆ ಹಾಕಬಹುದು. ಅಲ್ಲಿ ಅದು ಚಿಪ್ ಮೆಮೊರಿಯಾಗಿಯೇ ಸೇರಿ ಒಟ್ಟು 1.5 ಎಂಬಿ ಆಗುತ್ತದೆ. 500ರ ಟ್ರ್ಯಾಪ್‌ಡೋರ್‌ಗೆಂದು ಮಾರುವ 512 ಕೆಬಿಗಿಂತ ದೊಡ್ಡ ಹಳೆಯ ಕಾರ್ಡುಗಳ ಜೊತೆ ಸಾಮಾನ್ಯವಾಗಿ ಒಂದು ಪುಟ್ಟ ಅಡಾಪ್ಟರ್ ಬೋರ್ಡ್ ಇರಬೇಕು. ಅದು ಗ್ಯಾರಿ ಎಂಬ ಚಿಪ್‌ನ ಸಾಕೆಟ್‌ನಲ್ಲಿ ಕೂರುತ್ತದೆ. ಮಾರುವವರು ಅದನ್ನು ಕಳೆದುಹಾಕಿದ್ದರೆ ಕಾರ್ಡಿನ ಪೂರ್ತಿ ಮೆಮೊರಿ ಕೈಗೆ ಬರುವುದಿಲ್ಲ, ಬೆಲೆ ಮಾತ್ರ ಪೂರ್ತಿ. ಅಸಲಿ ಫಾಸ್ಟ್ ಮೆಮೊರಿ ಬೇಕಾದವರು ಯಂತ್ರದ ಎಡಬದಿಯ ಸ್ಲಾಟ್‌ಗೆ ಸಿಗಿಸುವಂಥದ್ದನ್ನೋ ಪ್ರೊಸೆಸರ್ ಸಾಕೆಟ್‌ಗೆ ಹಾಕುವ ಹೊಸ ಬೋರ್ಡನ್ನೋ ಹುಡುಕಬೇಕು. ಕಮೊಡೋರ್‌ನದೇ ಎ590 ಹಾರ್ಡ್‌ಡಿಸ್ಕ್ ಪೆಟ್ಟಿಗೆಯಲ್ಲಿ 2 ಎಂಬಿವರೆಗೆ ಹಾಕಲು ಜಾಗವಿತ್ತು.

ತಪ್ಪು ಕಲ್ಪನೆ: ಕಂಪನಿಯ ಅಸಲಿ ಎ501 ಸಿಕ್ಕರೆ ಅದೃಷ್ಟ. ಅದನ್ನು ತೆರೆಯದೆ ಹಾಗೇ ಹಾಕಿಬಿಡಿ.

ವಾಸ್ತವ: ಎಲ್ಲ ತಪ್ಪುಗಳಲ್ಲಿ ಅತಿ ದುಬಾರಿಯಾದದ್ದು ಇದು. ಎ501ರ ಮೇಲೆ ಗಡಿಯಾರಕ್ಕಾಗಿ 3.6 ವೋಲ್ಟ್‌ನ ಒಂದು ನಿಕಲ್-ಕ್ಯಾಡ್ಮಿಯಮ್ ಬ್ಯಾಟರಿಯನ್ನು ಬೆಸೆದಿದ್ದಾರೆ. ಅದಕ್ಕೀಗ ಮೂವತ್ತು ದಾಟಿದೆ. ಕಾರ್ಡಿಗೆ ತಗಡಿನ ಕವಚ ಬೇರೆ, ಹೊರಗಿನಿಂದ ಏನೂ ಕಾಣುವುದಿಲ್ಲ. ತಗಡಿನ ಕಿವಿಗಳನ್ನು ಬಗ್ಗಿಸಿ ಕವಚ ತೆಗೆದು ನೋಡಿದರೆ ಬ್ಯಾಟರಿಯ ತುದಿಯಲ್ಲಿ ಬಿಳಿ ಪುಡಿ, ಸುತ್ತ ಹಸಿರು ಕಿಲುಬು, ಅದರಡಿ ಕಪ್ಪಾದ ತಾಮ್ರದ ಗೆರೆಗಳು. ಸೋರಿದ ದ್ರವ ಕಾರ್ಡಿನಲ್ಲೇ ನಿಲ್ಲದೆ ಕನೆಕ್ಟರ್ ದಾಟಿ ಮದರ್‌ಬೋರ್ಡಿನ ಪಿನ್‌ಗಳಿಗೂ ಹಬ್ಬುತ್ತದೆ. ನಮ್ಮ ಕರಾವಳಿಯಂಥ ತೇವದ ಹವೆಯಲ್ಲಿ ಈ ಕಿಲುಬು ಇನ್ನಷ್ಟು ಬೇಗ ಬೆಳೆಯುತ್ತದೆ.

ಇಲ್ಲಿ ತಪ್ಪೊಳಗೊಂದು ತಪ್ಪು. “ಆಸಿಡ್ ಸೋರಿದೆ, ಅಡುಗೆ ಸೋಡಾ ಹಾಕಿ ತಿಕ್ಕಿ” ಎನ್ನುವವರಿದ್ದಾರೆ. ಸೋರುವುದು ಆಸಿಡ್ ಅಲ್ಲ, ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ಎಂಬ ಕ್ಷಾರ. ಸೋಡಾ ಕೂಡ ಕ್ಷಾರವೇ, ಹಾಕಿ ಫಲವಿಲ್ಲ. ಬ್ಯಾಟರಿಯನ್ನು ಕತ್ತರಿಸಿ ತೆಗೆದು, ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಬಿಳಿ ವಿನೆಗರ್‌ನಲ್ಲಿ ಅದ್ದಿ ಒರೆಸಬೇಕು. ನೊರೆ ನಿಂತ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ತೊಳೆದು ಚೆನ್ನಾಗಿ ಒಣಗಿಸಬೇಕು. ಗೆರೆ ಕಡಿದಿದ್ದರೆ ಸಣ್ಣ ತಂತಿ ಬೆಸೆದು ಜೋಡಿಸಬೇಕು.

ಗಡಿಯಾರ ಬೇಕೇ ಬೇಕು ಎನ್ನುವವರು ಆ ಜಾಗಕ್ಕೆ ಸಿಆರ್2032 ಲಿಥಿಯಮ್ ನಾಣ್ಯಸೆಲ್ ಹಾಕುತ್ತಾರೆ. ಹಾಕಲಿ, ಆದರೆ ಎ501ರ ಸರ್ಕ್ಯೂಟು ಬ್ಯಾಟರಿಯನ್ನು ಚಾರ್ಜ್ ಮಾಡುವಂಥದ್ದು, ಈ ಸೆಲ್ ಚಾರ್ಜ್ ಆಗಬಾರದಂಥದ್ದು. ನಡುವೆ ಒಂದು ಡಯೋಡ್ ಇರಲೇಬೇಕು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸೆಲ್, ಹೋಲ್ಡರ್, ಡಯೋಡ್ ಮೂರೂ ಚಿಲ್ಲರೆ ಕಾಸಿಗೆ ಸಿಗುತ್ತವೆ. ನನ್ನ ಅಭಿಪ್ರಾಯ ಕೇಳಿದರೆ ಹವ್ಯಾಸಿಗಳೇ ತಯಾರಿಸಿ ಮಾರುವ ಬ್ಯಾಟರಿಯಿಲ್ಲದ ಹೊಸ 512 ಕೆಬಿ ಕಾರ್ಡ್ ಎಷ್ಟೋ ವಾಸಿ. ಹಳೆಯ ಕಾರ್ಡಿನಲ್ಲಿ ಹದಿನಾರು ಚಿಪ್ ಮಾಡುತ್ತಿದ್ದ ಕೆಲಸವನ್ನು ಇದರಲ್ಲಿ ಬೆರಳೆಣಿಕೆಯ ಚಿಪ್‌ಗಳು ಮಾಡುತ್ತವೆ, ಪವರ್ ಸಪ್ಲೈ ಮೇಲೆ ಭಾರವೂ ಕಡಿಮೆ.

ತಪ್ಪು ಕಲ್ಪನೆ: ಮೆಮೊರಿ ಕಾರ್ಡ್ ತಾನೆ, ಪೆನ್‌ಡ್ರೈವ್ ಹಾಗೆ ಸಿಗಿಸಿದರಾಯಿತು.

ವಾಸ್ತವ: ಯಂತ್ರ ಆನ್ ಇದ್ದಾಗ ಟ್ರ್ಯಾಪ್‌ಡೋರ್‌ಗೆ ಕೈ ಹಾಕಲೇಬಾರದು. ಸ್ವಿಚ್ ಆಫ್ ಮಾಡಿದರೆ ಸಾಲದು, ಹಿಂಬದಿಯ ಪವರ್ ಪ್ಲಗ್ಗನ್ನೂ ಕಿತ್ತುಬಿಡಿ. ಮೇಜಿನ ಮೇಲೆ ದಪ್ಪ ಬಟ್ಟೆ ಹಾಸಿ ಯಂತ್ರವನ್ನು ಕೀಬೋರ್ಡ್ ಕೆಳಮುಖವಾಗಿ ಮಲಗಿಸಿ. ಮದರ್‌ಬೋರ್ಡಿನ ಪಿನ್‌ಗಳು ಎರಡು ಸಾಲಿನಲ್ಲಿ ಅಡ್ಡಡ್ಡಲಾಗಿ ಚಾಚಿಕೊಂಡಿರುತ್ತವೆ. ಕಾರ್ಡನ್ನು ಮೇಲಿನಿಂದ ಒತ್ತದೆ ಸಮತಟ್ಟಾಗಿ ಹಿಡಿದು ಜಾರಿಸಬೇಕು. ಒಂದು ಪಿನ್ ಆಚೀಚೆಯಾಗಿ ಕೂತರೆ ವಿದ್ಯುತ್ ಹೋಗಬಾರದ ಕಡೆ ಹೋಗುತ್ತದೆ. ಎರಡೂ ತುದಿಯಲ್ಲಿ ಪಿನ್ ಹೊರಗುಳಿದಿಲ್ಲವೆಂದು ಟಾರ್ಚ್ ಹಾಕಿ ನೋಡಿಯೇ ಪವರ್ ಕೊಡಿ.

ತಪ್ಪು ಕಲ್ಪನೆ: ಕಾರ್ಡ್ ಹಾಕಿದ ಮೇಲೆ ಯಂತ್ರ ಹ್ಯಾಂಗ್ ಆದರೆ ಕಾರ್ಡೇ ಕೆಟ್ಟಿದೆ.

ವಾಸ್ತವ: ಆಗಿರಬಹುದು, ಆದರೆ ಮೊದಲ ಅನುಮಾನ ಕನೆಕ್ಟರಿನ ಕೊಳೆಯ ಮೇಲೆ, ಎರಡನೆಯದು ಪವರ್ ಸಪ್ಲೈ ಮೇಲೆ ಇರಲಿ. ವಯಸ್ಸಾದ ಸಪ್ಲೈ ಕಾರ್ಡಿನ ಭಾರ ಬಿದ್ದಾಗ 5 ವೋಲ್ಟ್ ಹಿಡಿದಿಡಲಾರದು. ಮಲ್ಟಿಮೀಟರ್‌ನಲ್ಲಿ 4.75ಕ್ಕಿಂತ ಕೆಳಗಿಳಿದರೆ ತಪ್ಪು ಕಾರ್ಡಿನದಲ್ಲ. ಬೂಟ್ ಆಗುವಾಗ ಪರದೆ ಹಸಿರು ಬಣ್ಣದಲ್ಲಿ ನಿಂತುಬಿಟ್ಟರೆ ಅದು ಚಿಪ್ ಮೆಮೊರಿಯ ದೋಷದ ಸೂಚನೆ. ಕಾರ್ಡ್ ತೆಗೆದರೂ ಹಸಿರೇ ಬಂದರೆ ಕೆಟ್ಟಿರುವುದು ಬೋರ್ಡಿನೊಳಗೆ. ಅಮಿಗಾ ಟೆಸ್ಟ್ ಕಿಟ್ ಎಂಬ ಉಚಿತ ತಂತ್ರಾಂಶ ಒಂದೇ ಫ್ಲಾಪಿಯಿಂದ ಬೂಟ್ ಆಗಿ ಮೆಮೊರಿಯನ್ನು ಪರೀಕ್ಷಿಸುತ್ತದೆ. ಮಾರುವವರು “ಟೆಸ್ಟೆಡ್” ಎಂದು ಬರೆದಿದ್ದರೆ ಯಾವುದರಲ್ಲಿ, ಎಷ್ಟು ಹೊತ್ತು ಎಂದು ಕೇಳಲು ಸಂಕೋಚ ಬೇಡ.

ಅಮೆರಿಕದಿಂದ ಯಂತ್ರ ತರಿಸುವ ನಮ್ಮವರು ಒಂದನ್ನು ಮರೆಯಬಾರದು. ಅಲ್ಲಿನ ಸಪ್ಲೈ 110 ವೋಲ್ಟ್‌ನದು, ನಮ್ಮ 230ಕ್ಕೆ ಸಿಗಿಸಿದರೆ ಸುಟ್ಟುಹೋಗುತ್ತದೆ. ಯುರೋಪಿನ ಯಂತ್ರಕ್ಕೆ ಆ ತೊಂದರೆಯಿಲ್ಲ, ಅದರ ಪಾಲ್ ವಿಡಿಯೊ ನಮ್ಮ ಹಳೆಯ ಟೀವಿಗಳಿಗೂ ಹೊಂದುತ್ತದೆ.

ಹೊಸ ಕಾರ್ಡಿಗೆ ಆರ್ಡರ್ ಕೊಡುವುದು ನಾಳೆಯಾದರೂ ಆದೀತು. ನಿಮ್ಮ ಮನೆಯಲ್ಲೋ ಪರಿಚಯದವರ ಮನೆಯಲ್ಲೋ ಅಮಿಗಾ 500 ಇದ್ದರೆ ಇವತ್ತೇ ಅದರ ಪ್ಲಗ್ ಕಿತ್ತು, ಮಗುಚಿ, ಮುಚ್ಚಳ ತೆಗೆದು ನೋಡಿ. ಒಳಗೆ ತಗಡಿನ ಕವಚದ ಕಾರ್ಡ್ ಇದ್ದರೆ ಹೊರಗೆ ಎಳೆದು ಬ್ಯಾಟರಿಯನ್ನು ಕತ್ತರಿಸಿಬಿಡಿ. ಗಡಿಯಾರ ನಿಂತರೂ ಮೆಮೊರಿ ಎಂದಿನಂತೆ ಕೆಲಸ ಮಾಡುತ್ತದೆ.