ಸೋರುವ ಮೋಟಾರು ಗಾಡಿ: ಕಲೆಯಿಂದ ಮೂಲಕ್ಕೆ

ತೆಂಗಿನ ತೋಟವುಳ್ಳ ಗೃಹಸ್ಥರೆಲ್ಲರೂ ಕಾಂಡ ಸೋರುವ ರೋಗವನ್ನು ಬಲ್ಲರು. ಮರದ ಬಿರುಕಿನಿಂದ ಕೆಂಗಂದು ಬಣ್ಣದ ರಸವು ಒಸರಿ, ಕಾಂಡದ ಮೇಲೆ ಮೊಳಗಟ್ಟಲೆ ಇಳಿದು, ಒಣಗಿ ಕಪ್ಪಾಗುತ್ತದೆ. ಅನುಭವಸ್ಥನಾದ ತೋಟಗಾರನು ಕೆಳಗಿನ ಕಲೆಯನ್ನು ಕೆರೆಯುತ್ತ ಕೂಡುವುದಿಲ್ಲ. ರಸದ ಜಾಡನ್ನು ಹಿಡಿದು ಮೇಲಕ್ಕೆ ಹೋಗಿ, ಕೊಳೆತ ಭಾಗವನ್ನು ಉಳಿಯಿಂದ ಕೆತ್ತಿ ತೆಗೆದು, ಬೋರ್ಡೋ ಮುಲಾಮನ್ನು ಹಚ್ಚುತ್ತಾನೆ. ಇದೇ ವಿವೇಕವನ್ನು ಹಳೆಯ ಮೋಟಾರು ಕಾರಿನ ವಿಷಯದಲ್ಲಿಯೂ ತೋರಿದರೆ ಹಣವೂ, ಕೆಲವು ವೇಳೆ ಪ್ರಾಣವೂ ಉಳಿಯುವುದೆಂಬುದನ್ನು ವಾಚಕರಿಗೆ ನಿವೇದಿಸುವುದೇ ಈ ಲೇಖನದ ಉದ್ದೇಶವು.

ನಮ್ಮ ಅಮ್ಮಸಂದ್ರದ ಸೀಮೆಯಲ್ಲಿ ಅಂಬಾಸಡರ್ ಕಾರನ್ನು ಇಂದಿಗೂ ಜೋಪಾನವಾಗಿ ಇಟ್ಟುಕೊಂಡಿರುವ ಮನೆಗಳುಂಟು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯನ್ನು ಅನುಸರಿಸಿ ಬಂಗಾಳದ ಉತ್ತರಪಾರದಲ್ಲಿ ತಯಾರಾಗುತ್ತಿದ್ದ ಈ ಕಾರಿನ ನಿರ್ಮಾಣವು 2014ರಲ್ಲಿ ನಿಂತುಹೋಯಿತು. ಆದಕಾರಣ ಉಳಿದಿರುವ ಗಾಡಿಗಳೆಲ್ಲವೂ ವಯಸ್ಸಾದವುಗಳೇ. ವಯಸ್ಸಾದ ಗಾಡಿಯಲ್ಲಿ ರಬ್ಬರು ಗಡುಸಾಗುವುದೂ, ಕಾರ್ಕಿನ ಪ್ಯಾಕಿಂಗು ಕುಗ್ಗುವುದೂ ಸಹಜವಾದುವು.

ನಮ್ಮ ನೆರೆಯ ಗೃಹಸ್ಥರೊಬ್ಬರ ಇಂಥ ಗಾಡಿಯ ಕೆಳಗೆ ಪ್ರತಿದಿನ ಬೆಳಗ್ಗೆ ಅಂಗೈಯಗಲದ ಎಣ್ಣೆಯ ಕಲೆಯು ಕಾಣುತ್ತಿದ್ದಿತು. ಇಂಜಿನಿಗೂ ಗೇರ್ ಬಾಕ್ಸಿಗೂ ನಡುವೆ ಕ್ಲಚ್ಚನ್ನು ಮುಚ್ಚಿರುವ ಕವಚದ ತಳದಲ್ಲಿ ಒಂದು ರಂಧ್ರವಿದೆಯಷ್ಟೆ. ಅದರ ಬಳಿಯಿಂದಲೇ ಎಣ್ಣೆಯು ತೊಟ್ಟಿಕ್ಕುತ್ತಿದ್ದಿತು. ಒಬ್ಬ ಮೆಕ್ಯಾನಿಕ್ಕು ಆಯಿಲ್ ಚೇಂಬರಿನ ಪ್ಯಾಕಿಂಗನ್ನು ಬದಲಾಯಿಸಿದನು, ಸೋರಿಕೆ ನಿಲ್ಲಲಿಲ್ಲ. ಮತ್ತೊಬ್ಬನು ಗೇರ್ ಬಾಕ್ಸನ್ನೇ ಇಳಿಸಿ ಇಂಜಿನಿನ ಹಿಂದಣ ಬೇರಿಂಗನ್ನು ನೋಡಬೇಕೆಂದನು. ಮೊಮ್ಮಕ್ಕಳನ್ನು ಕರೆದುಕೊಂಡು ಎಡೆಯೂರಿಗೆ ಹೋಗುವ ದಿನವು ಸಮೀಪಿಸಿದ್ದರಿಂದ ಅವರಿಗೆ ಚಿಂತೆ ಹತ್ತಿತು. ಸ್ಪಾನರನ್ನು ಹಿಡಿಯುವುದಕ್ಕೆ ಮೊದಲು ಸ್ವಲ್ಪ ವಿಚಾರ ಮಾಡೋಣವೆಂದು ನಾವು ಹೇಳಿದೆವು.

ನ್ಯಾಯಶಾಸ್ತ್ರದಲ್ಲಿ ಕಾರ್ಯವನ್ನು ಕಂಡು ಕಾರಣವನ್ನು ಊಹಿಸುವುದಕ್ಕೆ ಶೇಷವತ್ ಅನುಮಾನವೆಂದು ಹೆಸರು. ನದಿಯು ತುಂಬಿ ಹರಿಯುವುದನ್ನು ನೋಡಿ ಮೇಲ್ಗಡೆ ಮಳೆಯಾಗಿದೆಯೆಂದು ತಿಳಿಯುವುದು ಅದಕ್ಕೆ ವಾತ್ಸ್ಯಾಯನರು ಕೊಟ್ಟ ಉದಾಹರಣೆ. ಕೆಳಗೆ ಅಡ್ಡಕಟ್ಟಿದರೂ ನೀರು ಏರುವುದಲ್ಲವೆ ಎಂದು ಪ್ರತಿವಾದಿಯ ಆಕ್ಷೇಪ. ಬರಿಯ ಏರಿಕೆಯನ್ನಲ್ಲ, ಪ್ರವಾಹದ ವೇಗವನ್ನೂ ನೊರೆಯನ್ನೂ ತೇಲಿಬರುವ ಎಲೆ ಕಟ್ಟಿಗೆಗಳನ್ನೂ ನೋಡಬೇಕೆಂಬುದು ಅದಕ್ಕೆ ಸಮಾಧಾನ. ಕಾರಿನ ಕೆಳಗಣ ಕಲೆಯೂ ಹೀಗೆಯೇ. ಏನೋ ಸೋರಿದೆಯೆಂದು ತಿಳಿದರೆ ಸಾಲದು. ಸೋರಿದುದರ ವಿಶೇಷ ಲಕ್ಷಣಗಳನ್ನು ಪರೀಕ್ಷಿಸತಕ್ಕದ್ದು.

ರಾತ್ರಿ ಗಾಡಿಯ ಕೆಳಗೆ ಬಿಳಿಯ ರಟ್ಟನ್ನು ಹಾಸಿ, ಚಕ್ರಗಳ ಸ್ಥಾನವನ್ನು ಅದರ ಮೇಲೆ ಗುರುತಿಸಿದರೆ ಬೆಳಗಿನ ವೇಳೆಗೆ ದ್ರವದ ಬಣ್ಣವೂ ಬಿದ್ದ ಸ್ಥಳವೂ ತಿಳಿಯುವುವು. ಇಂಜಿನ್ ಆಯಿಲ್ ಹೊಸದರಲ್ಲಿ ಜೇನಿನ ಬಣ್ಣ, ಬಳಸಿದ ಮೇಲೆ ಕಪ್ಪು. ಗೇರ್ ಆಯಿಲ್ ಅದಕ್ಕಿಂತ ಮಂದ. ಗಂಧಕದ ಘಾಟು ಉಂಟು. ರೇಡಿಯೇಟರಿಗೆ ಹಾಕುವ ಕೂಲಂಟ್ ಹಸಿರೋ ಗುಲಾಬಿಯೋ ಆಗಿದ್ದು ಸಿಹಿ ವಾಸನೆಯುಳ್ಳದ್ದು. ಅದು ವಿಷವಾದುದರಿಂದ ಮಕ್ಕಳೂ ನಾಯಿಗಳೂ ಹತ್ತಿರ ಸುಳಿಯದಂತೆ ನೋಡಿಕೊಳ್ಳಬೇಕು. ಬ್ರೇಕ್ ಆಯಿಲ್ ತೆಳುವಾಗಿ, ನಸುಹಳದಿಯಾಗಿದ್ದು, ಬಣ್ಣ ಬಳಿದ ತಗಡಿಗೆ ತಗುಲಿದರೆ ಬಣ್ಣವನ್ನು ಕಿತ್ತುಹಾಕುತ್ತದೆ. ಸಂಶಯ ಬಂದರೆ ಬಿಸಾಡುವ ಸೀಸೆಯೊಂದರಲ್ಲಿ ನೀರನ್ನು ತುಂಬಿ ಒಂದೆರಡು ತೊಟ್ಟು ಬಿಡಿರಿ. ವಾಡಿಕೆಯ ಬ್ರೇಕ್ ಆಯಿಲ್ ನೀರಿನಲ್ಲಿ ಬೆರೆತುಹೋಗುವುದು. ಇಂಜಿನ್ ಆಯಿಲೂ ಗೇರ್ ಆಯಿಲೂ ಮೇಲೆ ತೇಲುವುವು. ಯಾವುದನ್ನೂ ನಾಲಗೆಗೆ ಮುಟ್ಟಿಸಕೂಡದು.

ದ್ರವವು ಯಾವುದೆಂದು ಗೊತ್ತಾದ ಬಳಿಕ ಮೂಲವನ್ನು ಅರಸಬೇಕು. ಎಣ್ಣೆಯು ತಾನಾಗಿ ಕೆಳಕ್ಕೂ, ಗಾಡಿಯು ಓಡುವಾಗ ಗಾಳಿಯ ಹೊಡೆತಕ್ಕೆ ಹಿಂದಕ್ಕೂ ಸರಿಯುತ್ತದೆ. ಆದುದರಿಂದ ಒದ್ದೆಯಾದ ಭಾಗಗಳಲ್ಲಿ ಅತ್ಯಂತ ಮೇಲಿನದೂ ಮುಂದಿನದೂ ಯಾವುದೋ ಅಲ್ಲಿಂದಲೇ ಶೋಧನೆಯನ್ನು ಆರಂಭಿಸತಕ್ಕದ್ದು. ನೆರೆಯವರ ಗಾಡಿಯ ಇಂಜಿನನ್ನು ತಣ್ಣಗಿರುವಾಗ ಚೆನ್ನಾಗಿ ಒರೆಸಿ, ಪೂರ್ತಿಯಾಗಿ ಒಣಗಿಸಿ, ಮುಖಕ್ಕೆ ಹಚ್ಚುವ ಪೌಡರನ್ನು ಅದರ ಮೇಲೆ ಉದುರಿಸಿದೆವು. ರಾತ್ರಿಯೆಲ್ಲ ನಿಂತಿದ್ದಾಗ ಪೌಡರು ಒಣಗಿಯೇ ಇದ್ದಿತು. ಬೆಳಗ್ಗೆ ಇಂಜಿನನ್ನು ಕಾಲು ಗಂಟೆ ಓಡಿಸಿದೊಡನೆ ಟ್ಯಾಪೆಟ್ ಕವರಿನ ಹಿಂದಣ ಅಂಚಿನಲ್ಲಿ ಕಪ್ಪು ಗೆರೆಯೊಂದು ಮೂಡಿ, ಇಂಜಿನಿನ ಬೆನ್ನಿನ ಮೇಲಿಂದ ಕ್ಲಚ್ಚಿನ ಕವಚದವರೆಗೂ ಇಳಿಯಿತು. ಓಡಿದರೆ ಸೋರುವುದು, ಓಡದಿದ್ದರೆ ಸೋರದು. ತರ್ಕವನ್ನು ಓದಿದವರು ಇದನ್ನೇ ಅನ್ವಯ ವ್ಯತಿರೇಕವೆನ್ನುವರು. ಆ ಗಾಡಿಯ 1489 ಸಿ.ಸಿ. ಇಂಜಿನಿನ ಹಿಂದಣ ಬೇರಿಂಗಿನ ಬಳಿ ರಬ್ಬರಿನ ಸೀಲೇ ಇಲ್ಲ. ತಿರುಪಿನಂತೆ ಕೊರೆದ ಗೆರೆಯೊಂದು ಎಣ್ಣೆಯನ್ನು ಹಿಂದಕ್ಕೆ ತಳ್ಳುತ್ತದೆ. ಗೇರ್ ಬಾಕ್ಸನ್ನು ಇಳಿಸಿದ್ದರೆ ಶ್ರಮವೂ ಹಣವೂ ವ್ಯರ್ಥವಾಗುತ್ತಿದ್ದುವು. ಇಂಜಿನಿನ ನೆತ್ತಿಯ ಮೇಲೆ ಹೊಸದೊಂದು ಕಾರ್ಕಿನ ಪ್ಯಾಕಿಂಗನ್ನು ಕೂಡಿಸಿದುದರಿಂದ ಕಲೆಯು ನಿಂತಿತು.

ಆದರೆ ಆ ಶೋಧನೆಯಲ್ಲಿ ಬೇರೊಂದು ವಿಷಯವೂ ಹೊರಬಿದ್ದಿತು. ಗಾಡಿಯ ಸುತ್ತಲೂ ನೋಡುತ್ತ ಹೋದಾಗ ಹಿಂದಣ ಎಡಚಕ್ರದ ಟೈರಿನ ಒಳಮೈಯಲ್ಲಿ ಸ್ವಲ್ಪ ತೇವವು ಕಂಡಿತು. ನೆಲದ ಮೇಲೆ ಒಂದು ತೊಟ್ಟೂ ಬಿದ್ದಿರಲಿಲ್ಲ. ಸೀಸೆಯ ನೀರಿನಲ್ಲಿ ಅದು ಬೆರೆತುಹೋದುದರಿಂದ ಬ್ರೇಕ್ ಆಯಿಲೆಂದು ನಿಶ್ಚಯವಾಯಿತು. ಬ್ರೇಕಿನ ಡ್ರಮ್ಮಿನೊಳಗಣ ವೀಲ್ ಸಿಲಿಂಡರಿನ ರಬ್ಬರು ಸವೆದಿದ್ದಿತು. ಒಂದೇ ಮಾಸ್ಟರ್ ಸಿಲಿಂಡರಿನಿಂದ ನಾಲ್ಕು ಚಕ್ರಗಳಿಗೂ ಒತ್ತಡವು ಹೋಗುವ ಹಳೆಯ ಏರ್ಪಾಟಿನಲ್ಲಿ ಒಂದು ಚಕ್ರದ ಬಳಿ ಆಯಿಲ್ ಸೋರಿ ಬರಿದಾದರೆ ನಾಲ್ಕರ ಬ್ರೇಕೂ ಹೋಗುವುದು. ಅಂಗೈಯಗಲದ ಕಲೆಗೆ ತಿಂಗಳುಗಟ್ಟಲೆ ಗಾಬರಿಯಾಗಿದ್ದ ಮನೆಯವರಿಗೆ ಪ್ರಾಣಾಪಾಯವಿದ್ದುದು ಕಣ್ಣಿಗೆ ಬೀಳದಿದ್ದ ಈ ತೇವದಲ್ಲಿ. ಅವರು ಮಕ್ಕಳೊಡನೆ ಬಸ್ಸಿನಲ್ಲಿ ಎಡೆಯೂರಿಗೆ ಹೋಗಿಬಂದರು. ಗಾಡಿಯು ರಿಪೇರಿಗೆ ಹೋಯಿತು.

ಆದುದರಿಂದ ಹಳೆಯ ಗಾಡಿಯುಳ್ಳ ಗೃಹಸ್ಥರು ಪ್ರಯಾಣಕ್ಕೆ ಮುನ್ನ ಮೂರು ಕೆಲಸಗಳನ್ನು ತಪ್ಪದೆ ಮಾಡತಕ್ಕದ್ದು. ಬ್ರೇಕ್ ಆಯಿಲಿನ ಮಟ್ಟವನ್ನು ನೋಡಬೇಕು. ಪದೇ ಪದೇ ಇಳಿಯುತ್ತಿದ್ದರೆ ಬರಿದೆ ತುಂಬಿಸುತ್ತ ಹೋಗದೆ ಕಾರಣವನ್ನು ಹುಡುಕಿಸಬೇಕು. ನಾಲ್ಕು ಚಕ್ರಗಳ ಒಳಮೈಯನ್ನೂ ಇಣಿಕಿ ನೋಡಬೇಕು. ನಿಂತ ಗಾಡಿಯಲ್ಲಿ ಬ್ರೇಕಿನ ಪೆಡಲನ್ನು ಅರ್ಧ ನಿಮಿಷ ಒತ್ತಿ ಹಿಡಿಯಬೇಕು; ಅದು ಮೆಲ್ಲಮೆಲ್ಲನೆ ಕುಸಿಯತೊಡಗಿದರೆ ಆ ಗಾಡಿಯನ್ನು ರಸ್ತೆಗೆ ತರಲಾಗದು. ಇಂಜಿನ್ ಆಯಿಲಿನ ಕಲೆಯು ಒಂದು ವಾರ ಕಾಯಬಹುದು. ಬ್ರೇಕ್ ಆಯಿಲಿನ ತೇವವನ್ನು ಕಂಡ ದಿನವೇ ಗಾಡಿಯನ್ನು ನಿಲ್ಲಿಸತಕ್ಕದ್ದು.