ಮೊಕದ್ದಮೆಯ ಲಗಾಮು ಯಾರ ಕೈಯಲ್ಲಿ?

ಅಮೆರಿಕದ ಒಕ್ಕೂಟ ಸರ್ಕಾರದ ಪರವಾಗಿ ಕ್ರಿಮಿನಲ್ ಮೊಕದ್ದಮೆ ಹೂಡುವ 93 ಯು.ಎಸ್. ಅಟಾರ್ನಿ ಹುದ್ದೆಗಳಿವೆ. ಸೆನೆಟ್ ಒಪ್ಪಿಗೆಯೊಂದಿಗೆ ಅವರನ್ನು ನೇಮಿಸುವವರು ಅಧ್ಯಕ್ಷರು. ತೆಗೆದುಹಾಕುವ ಅಧಿಕಾರವೂ ಅವರದೇ. ಆದರೆ ದಿನನಿತ್ಯದ ಕೆಲಸದ ಮೇಲೆ ಕೇಂದ್ರದ ಹಿಡಿತ ಮೊದಲಿನಿಂದ ಇರಲಿಲ್ಲ. 1789ರ ಕಾಯ್ದೆ ಜಿಲ್ಲೆಗೊಬ್ಬ ಸರ್ಕಾರಿ ವಕೀಲನನ್ನೂ ರಾಜಧಾನಿಗೊಬ್ಬ ಅಟಾರ್ನಿ ಜನರಲ್‌ನನ್ನೂ ಕೊಟ್ಟಿತು. ಅಟಾರ್ನಿ ಜನರಲ್ ಮಾತನ್ನು ಜಿಲ್ಲಾ ವಕೀಲರು ಕೇಳಬೇಕೆಂದು ಹೇಳಲಿಲ್ಲ. ಶುಲ್ಕವೇ ಸಂಪಾದನೆಯಾಗಿದ್ದ ಜಿಲ್ಲಾ ವಕೀಲರು ಬಹುಮಟ್ಟಿಗೆ ತಮಗೆ ತೋಚಿದಂತೆ ನಡೆದರು. ಮೇಲ್ವಿಚಾರಣೆಯ ಅಧಿಕಾರ ಅಟಾರ್ನಿ ಜನರಲ್‌ಗೆ ಸಿಕ್ಕಿದ್ದು 1861ರಲ್ಲಿ. ನ್ಯಾಯ ಇಲಾಖೆ ಹುಟ್ಟಿದ್ದು 1870ರಲ್ಲಿ. ಅದರ ಪ್ರಯೋಜನ ಬೇಗನೆ ಕಂಡಿತು. ಅಟಾರ್ನಿ ಜನರಲ್ ಏಮಸ್ ಏಕರ್‌ಮನ್ ದಕ್ಷಿಣದಲ್ಲಿ ಬಿಳಿಯರ ಭಯೋತ್ಪಾದಕ ಗುಂಪಾದ ಕು ಕ್ಲಕ್ಸ್ ಕ್ಲಾನ್ ವಿರುದ್ಧ ಮೊಕದ್ದಮೆಗಳಿಗೆ ಕೇಂದ್ರದ ಬಲ ತುಂಬಿದರು. ಸ್ಥಳೀಯ ಅಧಿಕಾರಿಗಳು ಕಣ್ಣುಮುಚ್ಚಿದ ಕಡೆ ಆ ಬಲವಿಲ್ಲದೆ ಕರಿಯರ ಮತದ ಹಕ್ಕಿಗೆ ಕಾವಲೇ ಇರುತ್ತಿರಲಿಲ್ಲ. ಹಾಗಾಗಿ ಮೇಲ್ವಿಚಾರಣೆಯೇ ಕೇಡು ಎನ್ನಲಾಗದು. ಯಾವ ಬಗೆಯ ಅಪರಾಧಕ್ಕೆ ಆದ್ಯತೆ ಎಂದು ನಿರ್ಧರಿಸುವುದು ಒಂದು, ಇಂಥವರನ್ನು ಹಿಡಿಯಿರಿ, ಇಂಥವರನ್ನು ಬಿಡಿ ಎನ್ನುವುದು ಇನ್ನೊಂದು. ಇವೆರಡರ ನಡುವೆ ಕಾನೂನು ಗೆರೆ ಎಳೆಯಲಿಲ್ಲ. ದೋಷವಿರುವುದು ಅಲ್ಲಿ.

1973ರ ಅಕ್ಟೋಬರ್ 20ರ ಶನಿವಾರ ಆ ದೋಷ ಬಯಲಾಯಿತು. ವಾಟರ್‌ಗೇಟ್ ಹಗರಣದ ತನಿಖೆಗಾಗಿ ಶ್ವೇತಭವನದ ಧ್ವನಿಸುರುಳಿಗಳನ್ನು ಒಪ್ಪಿಸುವಂತೆ ಕೇಳಿದ ವಿಶೇಷ ಅಭಿಯೋಜಕ ಆರ್ಚಿಬಾಲ್ಡ್ ಕಾಕ್ಸ್‌ರನ್ನು ವಜಾ ಮಾಡಲು ಅಧ್ಯಕ್ಷ ನಿಕ್ಸನ್ ಆಜ್ಞಾಪಿಸಿದರು. ಅಟಾರ್ನಿ ಜನರಲ್ ರಿಚರ್ಡ್‌ಸನ್ ಒಪ್ಪದೆ ರಾಜೀನಾಮೆ ಕೊಟ್ಟರು. ಅವರ ಕೆಳಗಿನ ರಕಲ್ಸ್‌ಹೌಸ್ ಕೂಡ ಒಪ್ಪಲಿಲ್ಲ. ಮೂರನೆಯವರಾದ ಬೋರ್ಕ್ ಸಹಿ ಹಾಕಿದರು. ಕಾರಣವಿಲ್ಲದೆ ವಿಶೇಷ ಅಭಿಯೋಜಕರನ್ನು ತೆಗೆಯುವಂತಿಲ್ಲ ಎಂದು ಇಲಾಖೆಯ ನಿಯಮವೇ ಹೇಳುತ್ತಿದ್ದುದರಿಂದ, ಆ ವಜಾ ಅಕ್ರಮವೆಂದು ಮುಂದಿನ ತಿಂಗಳೇ ಜಿಲ್ಲಾ ನ್ಯಾಯಾಲಯ ತೀರ್ಪಿತ್ತಿತು. ನಿಯಮ ಜಾರಿಯಲ್ಲಿರುವವರೆಗೆ ಅದು ಸರ್ಕಾರವನ್ನೂ ಕಟ್ಟಿಹಾಕುತ್ತದೆ ಎಂದು 1974ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ಬರೆದಿಟ್ಟ ಮಾತಿಗೆ ಬೆಲೆ ಬಂದದ್ದು ಹೀಗೆ.

ಜನರು ಆರಿಸಿದ ಅಧ್ಯಕ್ಷರ ಕೈ ಕಟ್ಟುವುದು ಸರಿಯೇ, ಯಾರಿಗೂ ಉತ್ತರ ಹೇಳಬೇಕಿಲ್ಲದ ವಕೀಲ ಇನ್ನೂ ಅಪಾಯಕಾರಿಯಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆಯಲ್ಲಿ ತೂಕವಿದೆ. 1978ರಲ್ಲಿ ಬಂದ ಸ್ವತಂತ್ರ ಅಭಿಯೋಜಕರ ವ್ಯವಸ್ಥೆಯನ್ನು ಸುಪ್ರೀಂ ಕೋರ್ಟ್ 1988ರಲ್ಲಿ ಎತ್ತಿಹಿಡಿದರೂ, ಅಧ್ಯಕ್ಷ ಕ್ಲಿಂಟನ್ ವಿರುದ್ಧ ವರ್ಷಗಟ್ಟಲೆ ಹಿಗ್ಗಿದ ತನಿಖೆಯನ್ನು ಕಂಡ ಎರಡೂ ಪಕ್ಷಗಳು 1999ರಲ್ಲಿ ಅದನ್ನು ಕೈಬಿಟ್ಟವು. ಆದರೆ ಲಗಾಮು ಬೇಡವೆಂದು ಇಲ್ಲಿ ಯಾರೂ ವಾದಿಸುತ್ತಿಲ್ಲ. ನೀತಿ ರೂಪಿಸುವ ಅಧಿಕಾರ ಅಧ್ಯಕ್ಷರಲ್ಲೇ ಇರಲಿ. ನಿರ್ದಿಷ್ಟ ವ್ಯಕ್ತಿಯ ಕೇಸಿನ ಬಗ್ಗೆ ಆದೇಶ ಕೊಡುವುದಾದರೆ ಅದು ಲಿಖಿತವಾಗಿರಲಿ, ಕಾರಣಸಹಿತ ಸಂಸತ್ತಿನ ಮುಂದೆ ಬರಲಿ.

ವಾಟರ್‌ಗೇಟ್ ನಂತರ ಶ್ವೇತಭವನ ಮತ್ತು ಇಲಾಖೆಯ ನಡುವಿನ ಸಂಪರ್ಕಕ್ಕೆ ಮಿತಿ ಹಾಕಿದ್ದು ಕಾಯ್ದೆಯಲ್ಲ, ಒಬ್ಬೊಬ್ಬ ಅಟಾರ್ನಿ ಜನರಲ್ ಹೊರಡಿಸಿದ ಸುತ್ತೋಲೆಗಳು. ನ್ಯೂಯಾರ್ಕ್‌ನ ಅಂದಿನ ಮೇಯರ್ ಎರಿಕ್ ಆಡಮ್ಸ್ ಮೇಲಿನ ಕೇಸು ಕೈಬಿಡಬೇಕೆಂದು 2025ರ ಫೆಬ್ರವರಿಯಲ್ಲಿ ಮೇಲಿನಿಂದ ಆದೇಶ ಬಂದಾಗ, ಮ್ಯಾನ್‌ಹ್ಯಾಟನ್‌ನ ಹಂಗಾಮಿ ಯು.ಎಸ್. ಅಟಾರ್ನಿ ಡ್ಯಾನಿಯೆಲ್ ಸಾಸೂನ್ ರಾಜೀನಾಮೆ ಕೊಟ್ಟರು. ಅರ್ಧ ಶತಮಾನದ ಬಳಿಕವೂ ಪ್ರಾಮಾಣಿಕ ಅಧಿಕಾರಿಗೆ ಉಳಿದ ಆಯುಧ ರಾಜೀನಾಮೆಯೊಂದೇ ಆದರೆ, ಅದರ ಹೊಣೆ ಕಾಯ್ದೆ ಮಾಡಬೇಕಾದ ಸಂಸತ್ತಿನದು.