ಯಡಿಯೂರು: ಗದ್ದುಗೆಯ ಸುತ್ತ ಬೆಳೆದ ಊರು

ಯಡಿಯೂರು ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪಡುವಣ ಅಂಚಿನಲ್ಲಿರುವ ಹೋಬಳಿ ಕೇಂದ್ರ. ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಕುಣಿಗಲ್ ದಾಟಿ ಸುಮಾರು 20 ಕಿ.ಮೀ. ಹೋದರೆ ಈ ಊರು. ಇನ್ನಷ್ಟು ಮುಂದೆ ಮಂಡ್ಯ ಜಿಲ್ಲೆಯ ನಾಗಮಂಗಲ ಸೀಮೆ. ಕಂದಾಯದ ಲೆಕ್ಕಕ್ಕೆ ಇಲ್ಲಿನವರು ತುಮಕೂರಿನವರು, ಲೋಕಸಭೆಯ ಮತ ಮಾತ್ರ ಬೆಂಗಳೂರು ಗ್ರಾಮಾಂತರ ಕ್ಷೇತ್ರಕ್ಕೆ.

ಸುತ್ತಲಿನದು ಶಿಂಷಾ ನದಿಯ ಸೀಮೆ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ ಕಾವೇರಿಯ ಕಡೆಗೆ ಹರಿಯುವ ಈ ಹೊಳೆಗೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮಾರ್ಕೋನಹಳ್ಳಿಯಲ್ಲಿ ಜಲಾಶಯ ಕಟ್ಟಲಾಯಿತು. ಗೇಟು ಎತ್ತುವವರಿಲ್ಲದೆಯೂ ತುಂಬಿದ ನೀರನ್ನು ತಾನಾಗಿಯೇ ಹೊರಹಾಕುವ ಸೈಫನ್ ಅದರ ವಿಶೇಷ. ಅಚ್ಚುಕಟ್ಟಿನಲ್ಲಿ ಭತ್ತ, ನೀರು ಹತ್ತದ ಹೊಲಗಳಲ್ಲಿ ರಾಗಿ, ಎಲ್ಲೆಡೆ ತೆಂಗು.

ಆದರೆ ಯಡಿಯೂರಿನ ಹೆಸರು ನಾಡಿಗೆಲ್ಲ ತಿಳಿದಿರುವುದು ತೋಂಟದ ಸಿದ್ಧಲಿಂಗ ಯತಿಗಳಿಂದ. 15–16ನೇ ಶತಮಾನದ ಈ ವಿರಕ್ತರು ಇಂದಿನ ಚಾಮರಾಜನಗರ ಜಿಲ್ಲೆಯ ಹರದನಹಳ್ಳಿಯ ಶೂನ್ಯ ಪೀಠದ ಪರಂಪರೆಯವರು. ಯಡಿಯೂರಿಗೆ ಸಮೀಪದಲ್ಲೇ ನಾಗಿನಿ ಹೊಳೆಯ ದಡದಲ್ಲಿರುವ ಕಗ್ಗೆರೆಯ ತೋಟದಲ್ಲಿ ಅವರು ಬಹುಕಾಲ ತಪಸ್ಸಿಗೆ ಕುಳಿತರು. 'ತೋಂಟದ' ಎಂಬ ವಿಶೇಷಣ ಬಂದದ್ದು ಆ ತೋಟದಿಂದ. ಮೈಮೇಲೆ ಹುತ್ತ ಬೆಳೆಯಿತು, ಹಸುವೊಂದು ನಿತ್ಯ ಬಂದು ಹಾಲು ಸುರಿಸಿತು ಎಂಬ ಕಥೆಯನ್ನು ಭಕ್ತರು ಇಂದಿಗೂ ಹೇಳುತ್ತಾರೆ. ಕಥೆಗಿಂತ ಗಟ್ಟಿಯಾಗಿ ಉಳಿದಿರುವುದು ಅವರ ಬರಹ: 701 ವಚನಗಳ 'ಷಟ್‌ಸ್ಥಲ ಜ್ಞಾನಸಾರಾಮೃತ'. ಹನ್ನೆರಡನೆಯ ಶತಮಾನದ ಬಳಿಕ ಬಡವಾಗಿದ್ದ ವಚನ ಪರಂಪರೆ ಮತ್ತೆ ಚಿಗುರಿದ್ದು ಅವರಿಂದ, ಅವರ ಶಿಷ್ಯರಿಂದ. ಘನಲಿಂಗಿದೇವ, ಸ್ವತಂತ್ರ ಸಿದ್ಧಲಿಂಗೇಶ್ವರ ವಚನ ಬರೆದರು. ಗೂಳೂರು ಸಿದ್ಧವೀರಣ್ಣೊಡೆಯರು 'ಶೂನ್ಯಸಂಪಾದನೆ'ಗೆ ಇಂದು ಹೆಚ್ಚು ಪ್ರಚಾರದಲ್ಲಿರುವ ರೂಪ ಕೊಟ್ಟರು. ಒಂದು ಹಳ್ಳಿಯ ಹೆಸರಿನೊಂದಿಗೆ ಇಷ್ಟು ಸಾಹಿತ್ಯ ತಳುಕು ಹಾಕಿಕೊಂಡಿರುವುದು ಅಪರೂಪ. ಹರಕೆ ಹೊತ್ತು ಬರುವ ಬಹುಪಾಲು ಭಕ್ತರಿಗೆ ಅದರ ಅರಿವಿಲ್ಲ.

ಸಿದ್ಧಲಿಂಗರು ನಿರ್ವಿಕಲ್ಪ ಸಮಾಧಿ ಹೊಂದಿದ್ದು ಯಡಿಯೂರಿನಲ್ಲಿ. ಅವರ ಗದ್ದುಗೆಯೇ ಇಂದಿನ ಸಿದ್ಧಲಿಂಗೇಶ್ವರ ದೇಗುಲದ ಗರ್ಭ. ಮುಜರಾಯಿ ಇಲಾಖೆಯ ಆಡಳಿತದಲ್ಲಿರುವ ಈ ಕ್ಷೇತ್ರದಲ್ಲಿ ಬಂದವರಿಗೆಲ್ಲ ದಾಸೋಹ ನಡೆಯುತ್ತದೆ. ಯುಗಾದಿಯ ಬೆನ್ನಲ್ಲೇ ಚೈತ್ರದಲ್ಲಿ ತೇರು. ಹಳೆ ಮೈಸೂರು ಸೀಮೆಯ ಮನೆಗಳಲ್ಲಿ ಸಿದ್ಧಲಿಂಗಪ್ಪ, ಯಡಿಯೂರಪ್ಪ ಎಂದು ಮಕ್ಕಳಿಗೆ ಹೆಸರಿಡುವ ರೂಢಿಗೂ ಮೂಲ ಇದೇ ದೈವ, ಕೆ.ಆರ್. ಪೇಟೆ ತಾಲ್ಲೂಕಿನ ಬೂಕನಕೆರೆಯಲ್ಲಿ 1943ರಲ್ಲಿ ಹುಟ್ಟಿ ಮುಖ್ಯಮಂತ್ರಿಯಾದ ಬಿ.ಎಸ್. ಯಡಿಯೂರಪ್ಪ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಉತ್ತರದಲ್ಲಿ ಡಂಬಳ–ಗದಗದ ತೋಂಟದಾರ್ಯ ಮಠವೂ ತನ್ನ ಬೇರನ್ನು ಇಲ್ಲಿಯೇ ಗುರುತಿಸಿಕೊಳ್ಳುತ್ತದೆ.

ಊರಿನ ವ್ಯಾಪಾರ ಬಹುಕಾಲ ನಿಂತದ್ದು ದೇಗುಲ ಮತ್ತು ಹೆದ್ದಾರಿಯ ಮೇಲೆ: ಹೂವು, ಹಣ್ಣು, ಕಾಯಿಯ ಅಂಗಡಿಗಳು, ಹೋಟೆಲುಗಳು. 2017ರಲ್ಲಿ ಕುಣಿಗಲ್, ಶ್ರವಣಬೆಳಗೊಳ ಮಾರ್ಗವಾಗಿ ಬೆಂಗಳೂರು–ಹಾಸನ ರೈಲು ಓಡಲಾರಂಭಿಸಿದ ಮೇಲೆ ಯಡಿಯೂರಿಗೂ ಒಂದು ನಿಲ್ದಾಣ ದೊರಕಿತು.